ಖಾಲಿ ಬಿಟ್ಟ ಜಾಗ

ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ
ನನ್ನ ಬೆರಳು ಒತ್ತಿದ್ದು ಎರಡೇ ಅಕ್ಷರ: ದೋಷಿ.
ಭಾರವೇನಿಲ್ಲ. ಅದರ ಹಿಂದೆ ನೂರ ಹನ್ನೆರಡು ಪುಟ,
ಹದಿನೇಳು ಸಾಕ್ಷಿ, ಕಾಮಾಕ್ಷಿಪಾಳ್ಯದ ಲೇತ್ ಶಾಪಿನ
ಒಂದು ಸ್ಪ್ಯಾನರು, ಬಿಳಿಬಟ್ಟೆಯಲ್ಲಿ ಸುತ್ತಿ
ಅರಗಿನ ಮುದ್ರೆ ಒತ್ತಿದ್ದು.
ಪಾಲುದಾರ ಲಿಂಗೋಜಿಯ ತಲೆಗೆ ಅದು ಬಿದ್ದದ್ದು
ಕೊಲೆಯ ಮಟ್ಟಕ್ಕೇರದ ನರಹತ್ಯೆ
ಎಂದರು ಸಾಹೇಬರು. ಹಾಗೇ ಟೈಪಿಸಿದೆ.

ಎಷ್ಟು ವರ್ಷ? ಅಂತ ಕಟಕಟೆಯಿಂದಲೇ
ಪೊಲೀಸಿನವನನ್ನು ಕೇಳಿದ ಮುನಿಆಂಜಿನಪ್ಪ,
ಟಿಕೆಟ್ಟಿಗೆ ಎಷ್ಟು ಅಂತ ಕೇಳುವ ಹಾಗೆ.
ಅದು ಇವತ್ತಲ್ಲ, ಅಂದರು ಸಾಹೇಬರು ಕನ್ನಡಕ ತೆಗೆದು,
ಅದಕ್ಕೆ ಗುರುವಾರ ಬೇರೆಯೇ ಕೇಳುತ್ತೇನೆ.
ಜಾಮೀನು ಅಲ್ಲಿಗೆ ಮುಗಿಯಿತು. ವ್ಯಾನು
ಪರಪ್ಪನ ಅಗ್ರಹಾರಕ್ಕೆ ಹೊರಟಿತು.

ಮೆಟ್ಟಿಲಿಳಿಯುವಾಗ ಹೊಸ ಅಟೆಂಡರ್ ಸಿದ್ದಗಂಗಮ್ಮ:
ದೋಷಿ ಅಂದಮೇಲೆ ಮುಗೀತಲ್ಲ ಮೇಡಂ,
ಮಧ್ಯ ಈ ಎರಡು ದಿನ ಯಾತಕ್ಕೆ?

ನನಗೆ ನಗರ್ತಪೇಟೆಯ ಅಂಗಡಿ ನೆನಪಾಯಿತು.
ಅಪ್ಪ ಒರೆಗಲ್ಲನ್ನು ಬಾಗಿಲ ಬಳಿ ಇಡುತ್ತಿದ್ದ,
ತಕ್ಕಡಿಯನ್ನು ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ.
ಒರೆಗೆ ಬೆಳಕು ಬೇಕು, ತೂಕಕ್ಕೆ ಗಾಳಿ ಆಗದು ಅನ್ನುವನು.
ಒರೆ ಹಚ್ಚಿದವನು ಒಂದು ಗುಟುಕು ನೀರು ಕುಡಿದು,
ಕೈ ಒರೆಸಿಕೊಂಡು ಒಳಗೆ ಹೋಗಬೇಕು.
ಹೋಗುವ ಆ ಐದು ಹೆಜ್ಜೆ ಇದೆಯಲ್ಲ
ಅಂತ ಏನೋ ಹೇಳುತ್ತಿದ್ದ. ನಾನು ಕೇಳಿಸಿಕೊಳ್ಳಲಿಲ್ಲ,
ಶಾರ್ಟ್‌ಹ್ಯಾಂಡ್ ಪರೀಕ್ಷೆಗೆ ಓದುತ್ತಿದ್ದೆ.

ಬುಧವಾರ ಕರಡು ಸಿದ್ಧ ಮಾಡಿಟ್ಟೆ.
ಆಪಾದಿತನಿಗೆ, ಆಮೇಲೆ ಖಾಲಿ ಜಾಗ, ಆಮೇಲೆ ವರ್ಷಗಳ ಶಿಕ್ಷೆ.
ಕರ್ಸರು ಆ ಖಾಲಿಯಲ್ಲಿ ನಿಂತು ಮಿಟುಕಿತು.
ಊಟದ ಹೊತ್ತು. ಹಾಲಿನಲ್ಲಿ ಫ್ಯಾನು ಬಿಟ್ಟು ಯಾರೂ ಇಲ್ಲ.
ಹತ್ತು ಅಂತ ಒತ್ತಿದೆ. ನೋಡಿದೆ. ಅಳಿಸಿದೆ.
ಮೂರು ಅಂತ ಒತ್ತಿದೆ.
ಅದನ್ನು ಅಳಿಸಲು ಸ್ವಲ್ಪ ತಡವಾಯಿತು.
ಡಬ್ಬಿಯ ಚಿತ್ರಾನ್ನ ತಿಂದೆ.

ಗುರುವಾರ ಸರ್ಕಾರಿ ವಕೀಲರು ಗರಿಷ್ಠ ಎಂದರು.
ಇವನ ವಕೀಲರು ಹಳೆ ಕೇಸಿಲ್ಲ, ಇಬ್ಬರು ಹೆಣ್ಣುಮಕ್ಕಳು,
ತಾಯಿಗೆ ಡಯಾಲಿಸಿಸ್ ಎಂದರು.
ಆಮೇಲೆ ಸಾಹೇಬರು ಅವನನ್ನೇ ನೋಡಿದರು:
ನೀನು ಏನಾದರೂ ಹೇಳುವುದಿದೆಯಾ?

ನಾಲ್ಕು ವರ್ಷ ಎಲ್ಲರೂ ಕೇಳಿದ್ದು, ಮಾಡಿದೆಯಾ.
ಈಗ ಕೇಳುತ್ತಿರುವುದು, ಮಾಡಿದವನು ಯಾರು.
ಮೊದಲನೆಯದಕ್ಕೆ ಅವನು ಸುಳ್ಳೆಂದು ಹೇಳಿ ಅಭ್ಯಾಸವಾಗಿತ್ತು.
ಎರಡನೆಯದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ರಾತ್ರಿ ಜೈಲಲ್ಲಿ ನಿದ್ದೆ ಬಂತು ಸ್ವಾಮಿ, ಅಂದ.
ಇಷ್ಟು ದಿನ ಬಂದಿರಲಿಲ್ಲ.

ವಕೀಲರು ಹಣೆ ಒತ್ತಿಕೊಂಡರು. ನಾನು ಕೈ ತಡೆದೆ:
ಇದು ಶಿಕ್ಷೆ ಇಳಿಸುವ ಕಾರಣವೋ, ಏರಿಸುವುದೋ?
ಬರೆದುಕೊಳ್ಳಿ, ಅಂದರು ಸಾಹೇಬರು.
ಬರೆದುಕೊಂಡೆ.

ಅವರು ನೀರು ಕುಡಿದರು.
ಆರು, ಅಂದರು.
ಖಾಲಿ ಜಾಗ ಅಂಕಿಗಿಂತ ದೊಡ್ಡದಿತ್ತು, ಎಡಬಲ ಸರಿಮಾಡಿದೆ.
ವಿಚಾರಣೆಯಲ್ಲಿ ಜೈಲಿನಲ್ಲಿ ಕಳೆದ ಮುನ್ನೂರ ಹದಿನೇಳು ದಿನಗಳನ್ನು
ಇದರಲ್ಲಿ ಕಳೆಯತಕ್ಕದ್ದು.
ಕಳೆದದ್ದನ್ನು ಕಳೆದರೆ ಉಳಿಯುವುದೆಷ್ಟು ಅಂತ
ಹೆಡ್ ಕಾನ್‌ಸ್ಟೇಬಲ್ ಬೆರಳಿನ ಗೆಣ್ಣು ಎಣಿಸುತ್ತಿದ್ದ.

ಹೊರಗೆ ಕಂಬದ ಪಕ್ಕ ರುಕ್ಮಾಬಾಯಿ,
ಲಿಂಗೋಜಿಯ ಹೆಂಡತಿ. ಒಂದು ವಾಯಿದೆಯನ್ನೂ ತಪ್ಪಿಸಿದವಳಲ್ಲ,
ಅದೇ ಪ್ಲಾಸ್ಟಿಕ್ ಕವರು, ಅದೇ ನೀರಿನ ಬಾಟಲಿ.
ಅವನದ್ದು ಕೇಳಿಸಿತು ಮೇಡಂ, ಅಂದಳು.
ನನ್ನದು ಎಷ್ಟು ಅಂತ ಬರೆದಿದ್ದೀರಿ?

ನಕಲು ವಿಭಾಗ ಕೆಳಗಡೆ ಇದೆ ಅಂದೆ.
ಅರ್ಜಿಗೆ ಸ್ಟಾಂಪು ಹಚ್ಚಬೇಕು,
ನಾಲ್ಕಕ್ಕೆ ಮುಚ್ಚುತ್ತಾರೆ.